ಘಟ್ಟ ದಾಟಿ ಆಚೆ ಕಣಿವೆಗೆ

ಮೇ ಕೊನೆಯ ಒಂದು ಸಂಜೆ ಅಕ್ಕನ ಮಗ ಮಡಿಕೇರಿಯ ನಮ್ಮ ಮನೆಗೆ ಬಂದಿದ್ದ. ಕಾಫಿ ಲೋಟ ಕೆಳಗಿಟ್ಟು ಫೋನಿನಲ್ಲಿ ಒಂದು ಫೋಟೊ ತೋರಿಸಿದ. ಎರಡು ಶಿಖರ, ನಡುವೆ ಹಿಮ ತುಂಬಿದ ತಗ್ಗು, ಆ ತಗ್ಗಿನ ಕಡೆಗೆ ಇರುವೆ ಸಾಲಿನಂತೆ ಏರುತ್ತಿರುವ ಜನ.

“ಮಾವ, ಜೂನ್ ಕೊನೇಲಿ ಹಿಮಾಚಲದ ಹಂಪ್ತಾ ಪಾಸ್‌ಗೆ ಹೋಗ್ತಿದ್ದೀನಿ. ತಡಿಯಂಡಮೋಳ್ ಮೂರು ಸಲ ಹತ್ತಿದ್ದೀನಿ, ಒಂದ್ಸಲಾನೂ ಸುಸ್ತಾಗಲಿಲ್ಲ. ಅಷ್ಟು ಸಾಕಲ್ವಾ?”

ಒಳ್ಳೆಯ ಪ್ರಶ್ನೆ. ನಮ್ಮ ಕಡೆಯಿಂದ ಹಿಮಾಲಯಕ್ಕೆ ಹೊರಟವರು ನನ್ನ ಹತ್ತಿರ ಹೆಚ್ಚಾಗಿ ಇದನ್ನೇ ಕೇಳುತ್ತಾರೆ. ಅವತ್ತು ಅವನಿಗೆ ಹೇಳಿದ್ದನ್ನೂ ಆಮೇಲೆ ನೆನಪಾದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬೆಟ್ಟ ಹತ್ತುವುದು ಬೇರೆ, ಪಾಸ್ ದಾಟುವುದು ಬೇರೆ. ಬೆಟ್ಟ ಹತ್ತಿದವರು ಹೊರಟ ಕಡೆಗೇ ವಾಪಸ್ ಬರುತ್ತಾರೆ. ಪಾಸ್ ದಾಟಿದವರು ಇನ್ನೊಂದು ನಾಡಿಗೆ, ಇನ್ನೊಂದು ಹವೆಗೆ ಇಳಿಯುತ್ತಾರೆ. ತಯಾರಿ, ಅಪಾಯ, ಖುಷಿ ಎಲ್ಲವೂ ಬೇರೆಯಾಗುವುದು ಇದೊಂದರಿಂದಲೇ.

ಗೆಣ್ಣುಗಳ ನಡುವಿನ ತಗ್ಗು

ಮೊದಲು ಪದದ ಗೊಂದಲ ಬಿಡಿಸಿಕೊಳ್ಳೋಣ. ಶಾಲೆಯಲ್ಲಿ ನಾವು ‘ಖೈಬರ್ ಕಣಿವೆ’ ಅಂತ ಓದಿದೆವು, ‘ಕಾಶ್ಮೀರ ಕಣಿವೆ’ ಅಂತಲೂ ಓದಿದೆವು. ಎರಡೂ ಒಂದೇ ಥರದ ಜಾಗ ಅಲ್ಲ. ಕಾಶ್ಮೀರದ್ದು ಬೆಟ್ಟಸಾಲುಗಳ ನಡುವಿನ ಅಗಲವಾದ ತಗ್ಗು, ಜನ ಗದ್ದೆ ತೋಟ ಮಾಡಿಕೊಂಡು ಬದುಕುವ ನಾಡು. ಖೈಬರ್ ಬೆಟ್ಟಸಾಲನ್ನು ದಾಟುವ ದಾರಿ. ಇಲ್ಲಿ ನಾನು ನಾಡಿಗೆ ಕಣಿವೆ ಅನ್ನುತ್ತೇನೆ, ದಾಟುವ ಜಾಗಕ್ಕೆ ಚಾರಣಿಗರ ಬಾಯಲ್ಲಿರುವ ಹಾಗೆ ಪಾಸ್ ಅನ್ನುತ್ತೇನೆ. ಲಡಾಖ್ ಕಡೆ ಇದಕ್ಕೆ ‘ಲಾ’ ಅನ್ನುತ್ತಾರೆ. ಝೋಜಿ ಲಾ, ಖರ್ದುಂಗ್ ಲಾ ಹೆಸರುಗಳಲ್ಲಿ ಇರುವುದು ಅದೇ. ಹಿಮಾಚಲದ ಕುರಿಗಾಹಿಗಳಿಗೆ ‘ಜೋತ್’. ಆಲ್ಪ್ಸ್‌ನಲ್ಲಿ ಫ್ರೆಂಚ್ ಆಡುವವರು ‘ಕೋಲ್’ ಅನ್ನುತ್ತಾರೆ, ಕುತ್ತಿಗೆ ಅನ್ನುವ ಪದದಿಂದ ಬಂದದ್ದು. ಜರ್ಮನ್ ಆಡುವವರ ‘ಯೋಖ್’ ಅಂದರೆ ನೊಗ. ಎತ್ತಿನ ಹೆಗಲ ಮೇಲಿನ ನೊಗವನ್ನು ನೆನಪಿಸಿಕೊಂಡರೆ ಅರ್ಧ ವಿಷಯ ತಿಳಿದ ಹಾಗೇ.

ಉಳಿದರ್ಧಕ್ಕೆ ನಿಮ್ಮ ಎಡಗೈ ಸಾಕು. ಮುಷ್ಟಿ ಕಟ್ಟಿ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಎದ್ದು ನಿಂತ ಗೆಣ್ಣುಗಳು ಶಿಖರಗಳು. ಎರಡು ಗೆಣ್ಣುಗಳ ನಡುವಿನ ತಗ್ಗು ಪಾಸ್. ಬಲಗೈ ಬೆರಳನ್ನು ಗೆಣ್ಣಿನ ಸಾಲಿನ ಉದ್ದಕ್ಕೂ ಎಳೆಯಿರಿ. ಆ ತಗ್ಗು ಎಲ್ಲಕ್ಕಿಂತ ಕೆಳಗಿನ ಜಾಗ. ಈಗ ಅದೇ ಬೆರಳನ್ನು ಅಂಗೈಯ ಹಿಂಬದಿಯಿಂದ ಬೆರಳುಗಳ ಕಡೆಗೆ ಅಡ್ಡಲಾಗಿ ಎಳೆಯಿರಿ. ಅದೇ ತಗ್ಗು ಈಗ ಎಲ್ಲಕ್ಕಿಂತ ಎತ್ತರದ ಜಾಗ! ಒಂದು ದಿಕ್ಕಿನಲ್ಲಿ ತಗ್ಗು, ಇನ್ನೊಂದು ದಿಕ್ಕಿನಲ್ಲಿ ಎತ್ತರ. ಕುದುರೆಯ ಜೀನಿನ ಆಕಾರ ಇದೇ.

ಈ ತಗ್ಗು ಹೇಗೆ ಬಂತು? ಬೆಟ್ಟಸಾಲಿನ ಎರಡೂ ಕಡೆ ನೀರು ಅಥವಾ ಹಿಮನದಿ ಕೆಲಸ ಮಾಡುತ್ತಿರುತ್ತದೆ. ತೊರೆ ಬರೀ ಕೆಳಕ್ಕೆ ಕೊರೆಯುವುದಿಲ್ಲ, ತಾನು ಹುಟ್ಟುವ ಜಾಗವನ್ನೂ ಹಿಂದಕ್ಕೆ ಹಿಂದಕ್ಕೆ ತಿನ್ನುತ್ತಾ ಹೋಗುತ್ತದೆ. ಆಚೆಯದೂ ಹಾಗೇ. ಬಂಡೆ ಎಲ್ಲಿ ಮೆತ್ತಗಿದೆಯೋ, ಎಲ್ಲಿ ಬಿರುಕು ಬಿಟ್ಟಿದೆಯೋ, ಅಲ್ಲಿ ಎರಡೂ ಬೆನ್ನಿಗೆ ಬೆನ್ನು ಕೊಟ್ಟು ಹತ್ತಿರವಾಗುತ್ತವೆ. ನಡುವಿನ ಗೋಡೆ ತೆಳ್ಳಗಾಗಿ ಕುಸಿಯುತ್ತದೆ. ಹಿಮಯುಗಗಳಲ್ಲಿ ತುಂಬಿ ತುಳುಕಿದ ಹಿಮನದಿಗಳು ಇಂಥ ತಗ್ಗುಗಳ ಮೇಲೆ ಹರಿದು ಅವನ್ನು ಇನ್ನಷ್ಟು ಉಜ್ಜಿವೆ. ಹಿಮನದಿ ಹರಿದ ಕಣಿವೆಯ ತಳ ತೊಟ್ಟಿಲಿನ ಹಾಗೆ ಅಗಲ. ಬರೀ ನೀರು ಹರಿದ ಕಣಿವೆಯ ತಳ ಕಿರಿದು.

ನಮ್ಮ ಸಂಪಾಜೆ ಘಾಟಿಯೂ ದಾಟುವ ದಾರಿಯೇ. ಆದರೆ ಆಕಾರ ಬೇರೆ. ಪಶ್ಚಿಮ ಘಟ್ಟ ನಿಜವಾಗಿ ಎರಡು ಕಡೆಯೂ ಇಳಿಜಾರಿರುವ ಬೆಟ್ಟಸಾಲಲ್ಲ, ಎತ್ತರದ ನಾಡೊಂದರ ಅಂಚು. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಿಂದ ಪಶ್ಚಿಮಕ್ಕೆ ಹೊರಟರೆ ತಿರುವು ತಿರುವಾಗಿ ಇಳಿಯುತ್ತೀರಿ. ಪೂರ್ವಕ್ಕೆ ಹೊರಟರೆ ಅಷ್ಟು ಕಡಿದಾದ ಇಳಿತ ಇಲ್ಲ. ನಾವು ‘ಘಟ್ಟ ಇಳಿದು ಹೋದ’, ‘ಘಟ್ಟ ಹತ್ತಿ ಬಂದ’ ಅನ್ನುತ್ತೇವೆ. ಒಂದು ಸಲಕ್ಕೆ ಒಂದೇ ಕೆಲಸ. ಹಿಮಾಲಯದ ಪಾಸ್‌ನಲ್ಲಿ ಒಂದೇ ದಿನ ಎರಡೂ ಮಾಡಬೇಕು. ಬೆಳಿಗ್ಗೆ ಹತ್ತುವುದು, ಮಧ್ಯಾಹ್ನ ಇಳಿಯುವುದು, ಅದೂ ಮೊದಲು ನೋಡಿರದ ಇಳಿಜಾರಿನಲ್ಲಿ.

ಒಂದು ವಿಷಯ ಮಾತ್ರ ಎರಡು ಕಡೆಯೂ ಒಂದೇ. ನೀರು ಅಲ್ಲಿ ಭಾಗವಾಗುತ್ತದೆ. ತಲಕಾವೇರಿಯಲ್ಲಿ ಹುಟ್ಟಿದ ನೀರು ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತದೆ. ಘಟ್ಟದ ಪಶ್ಚಿಮಕ್ಕೆ ಬಿದ್ದ ಮಳೆ ಪಯಸ್ವಿನಿಯಾಗಿ ಸುಳ್ಯದ ಮೇಲೆ ಹಾದು ಕಾಸರಗೋಡಿನ ಹತ್ತಿರ ಅರಬ್ಬಿ ಸಮುದ್ರಕ್ಕೆ. ಎರಡೂ ಮತ್ತೆ ಸೇರುವುದೇ ಇಲ್ಲ. ಹಂಪ್ತಾ ಪಾಸ್ ಮೇಲೆ ನಿಂತರೆ ಕುಲ್ಲು ಕಡೆಯ ನೀರು ಬಿಯಾಸ್ ನದಿಗೆ ಹೋಗುತ್ತದೆ, ಆಚೆಯ ಲಾಹೌಲ್ ಕಡೆಯದು ಚಂದ್ರಾ ನದಿಗೆ. ಚಂದ್ರಾ ಮುಂದೆ ಭಾಗಾ ನದಿಯನ್ನು ಕೂಡಿ ಚೆನಾಬ್ ಆಗುತ್ತದೆ. ಬಿಯಾಸ್ ಸಟ್ಲೆಜ್‌ಗೆ ಸೇರುತ್ತದೆ. ಆಮೇಲೆ ಪಾಕಿಸ್ತಾನದ ಪಂಜಾಬಿನಲ್ಲಿ ಚೆನಾಬ್, ಸಟ್ಲೆಜ್ ಎರಡೂ ಕೂಡಿ ಪಂಜನದ್ ಆಗುತ್ತವೆ. ಪಾಸ್ ಮೇಲೆ ಬೇರೆಯಾದ ಎರಡು ಹನಿಗಳು ಅಷ್ಟು ದೂರ ಹೋಗಿ ಮತ್ತೆ ಸಿಗುವುದನ್ನು ಮೊದಲ ಸಲ ನಕ್ಷೆಯಲ್ಲಿ ಬೆರಳಿಟ್ಟು ನೋಡಿದಾಗ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಈ ದಾರಿಗಳು ಯಾರವು

ಚಾರಣಕ್ಕೆ ಅಂತ ಯಾರೂ ಈ ದಾರಿ ಮಾಡಲಿಲ್ಲ. 1991ರ ಸೆಪ್ಟೆಂಬರ್ 19ರಂದು ಇಟಲಿ–ಆಸ್ಟ್ರಿಯಾ ಗಡಿಯ ಟಿಸೆನ್‌ಯೋಖ್ ಹತ್ತಿರ, ಸುಮಾರು 3210 ಮೀಟರ್ ಎತ್ತರದಲ್ಲಿ, ಕರಗುವ ಮಂಜಿನಿಂದ ಒಂದು ದೇಹ ಹೊರಗೆ ಕಂಡಿತು. ಅದು ಸುಮಾರು 5300 ವರ್ಷ ಹಿಂದಿನ ಮನುಷ್ಯನದು. ಓಟ್ಜಿ ಅಂತ ಈಗ ಕರೆಯುತ್ತಾರೆ. ಅವನ ಹತ್ತಿರ ತಾಮ್ರದ ಕೊಡಲಿ ಇತ್ತು, ತಲೆಗೆ ಕರಡಿ ಚರ್ಮದ ಟೋಪಿ ಇತ್ತು, ಕಾಲು ಬೆಚ್ಚಗಿರಲಿ ಅಂತ ಬೂಟಿನೊಳಗೆ ಒಣಹುಲ್ಲು ತುಂಬಿದ್ದ. ಅಷ್ಟು ಹಿಂದೆಯೂ ಜನ ಈ ಎತ್ತರಕ್ಕೆ ಬೇಕಾದ ತಯಾರಿ ಮಾಡಿಕೊಂಡೇ ಹೊರಡುತ್ತಿದ್ದರು.

ಆಲ್ಪ್ಸ್‌ನ ಗ್ರೇಟ್ ಸೇಂಟ್ ಬರ್ನಾರ್ಡ್ ಪಾಸ್ 2469 ಮೀಟರ್ ಎತ್ತರದಲ್ಲಿದೆ. ಅಲ್ಲಿ 11ನೇ ಶತಮಾನದಿಂದ ಸನ್ಯಾಸಿಗಳ ಒಂದು ಛತ್ರ ನಡೆಯುತ್ತಿದೆ. ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಿ ತರುವುದು ಅವರ ಕೆಲಸವಾಗಿತ್ತು. ಸೇಂಟ್ ಬರ್ನಾರ್ಡ್ ನಾಯಿಗಳ ಹೆಸರು ಬಂದದ್ದು ಅಲ್ಲಿಂದಲೇ.

ಹಿಮಾಚಲದ ಪಾಸ್‌ಗಳು ಗದ್ದಿ ಕುರಿಗಾಹಿಗಳ ದಾರಿಗಳು. ಬೇಸಿಗೆಯಲ್ಲಿ ಹಿಮ ಕರಗಿದ ಹಾಗೆ ಆಡು ಕುರಿಗಳ ಹಿಂಡು ಹೊಡೆದುಕೊಂಡು ಮೇಲೆ ಹೋಗುತ್ತಾರೆ. ಪಾಸ್ ದಾಟಿ ಲಾಹೌಲ್‌ನ ಹುಲ್ಲುಗಾವಲಿನಲ್ಲಿ ಮೇಯಿಸಿ ಮತ್ತೆ ಹಿಮ ಬೀಳುವ ಮೊದಲು ಇಳಿಯುತ್ತಾರೆ. ಮೈಗೆ ಉಣ್ಣೆಯ ನಿಲುವಂಗಿ ಚೋಲಾ, ಸೊಂಟಕ್ಕೆ ಉಣ್ಣೆಯ ಹಗ್ಗದ ಡೋರಾ. ನಾವು ದುಡ್ಡು ಕೊಟ್ಟು ನಡೆಯುವ ಎಷ್ಟೋ ಚಾರಣದ ಹಾದಿ ಅವರ ಕುರಿಗಳ ಗೊರಸಿನಿಂದ ಆದದ್ದು. ಹಿಂಡು ಎದುರಿಗೆ ಬಂದರೆ ಬೆಟ್ಟದ ಮೇಲ್ಬದಿಗೆ ಸರಿದು ನಿಂತು ದಾರಿ ಬಿಡಿ. ಆಲ್ಪ್ ಅನ್ನುವ ಪದಕ್ಕೂ ಅಲ್ಲಿನ ರೈತರ ಬಾಯಲ್ಲಿ ಶಿಖರ ಅನ್ನುವ ಅರ್ಥವಿಲ್ಲ, ಕಣಿವೆಯ ಊರಿಗೆ ಸೇರಿದ ಮೇಲಿನ ಹುಲ್ಲುಗಾವಲು ಅಂತ. ನಮ್ಮಲ್ಲಿ ಗದ್ದೆಗೆ ಸೇರಿದ ಬಾಣೆ ಇರುತ್ತದಲ್ವಾ, ದನ ಮೇಯಲು, ಸೊಪ್ಪು ಸೌದೆಗೆ? ಹೋಲಿಕೆ ಪೂರ್ತಿ ಸರಿಹೋಗದಿದ್ದರೂ ಕೊಡಗಿನವರಿಗೆ ಆಲ್ಪ್ ಅಂದರೇನು ಅಂತ ಹೇಳಲು ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ.

ಆಚೆ ಬೇರೆ ಹವೆ

ಜುಲೈನಲ್ಲಿ ಮಡಿಕೇರಿಯಿಂದ ಕುಶಾಲನಗರಕ್ಕೆ ಬಸ್ಸಿನಲ್ಲಿ ಹೋಗಿದ್ದೀರಾ? ಮಡಿಕೇರಿಯಲ್ಲಿ ಕೊಡೆ ಮಡಚಲು ಬಿಡದ ಮಳೆ. ಸುಂಟಿಕೊಪ್ಪ ದಾಟುವ ಹೊತ್ತಿಗೆ ಸಣ್ಣ ಹನಿ. ಕುಶಾಲನಗರದಲ್ಲಿ ಎಷ್ಟೋ ದಿನ ರಸ್ತೆ ಒಣಗಿಯೇ ಇರುತ್ತದೆ. ಸಮುದ್ರದ ಕಡೆಯಿಂದ ಬಂದ ಮೋಡ ಘಟ್ಟ ಏರುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ, ದಾಟಿದ ಮೇಲೆ ಅದರ ಹತ್ತಿರ ಉಳಿಯುವುದು ಕಡಿಮೆ. ಭಾಗಮಂಡಲದವರಿಗೂ ಕುಶಾಲನಗರದವರಿಗೂ ಮಳೆಗಾಲ ಅಂದರೆ ಬೇರೆ ಬೇರೆ ಕಾಲ.

ಹಂಪ್ತಾದಲ್ಲಿ ಇದೇ ಆಟ, ಆದರೆ ಒಂದೇ ದಿನದ ನಡಿಗೆಯಲ್ಲಿ. ಪಾಸ್ ಎತ್ತರ ಸುಮಾರು 4270 ಮೀಟರ್. ಈಚೆ ಕುಲ್ಲು ಕಣಿವೆ: ದೇವದಾರು, ಭೂರ್ಜ ಮರ, ಹೂ ತುಂಬಿದ ಹುಲ್ಲು. ಆಚೆ ಲಾಹೌಲ್: ಕಂದು ಬಣ್ಣದ ಬೋಳು ಗುಡ್ಡ, ಬರೀ ಕಲ್ಲು, ದೂಳು. ಮೊದಲ ಸಲ ಆಚೆ ಕಡೆ ಕಣ್ಣು ಹಾಯಿಸಿದಾಗ ಯಾರೋ ಪರದೆ ಬದಲಾಯಿಸಿದ ಹಾಗೆ ಅನ್ನಿಸುತ್ತದೆ. ಇದನ್ನು ನೋಡುವುದಕ್ಕೇ ಪಾಸ್ ದಾಟಬೇಕು ಅನ್ನುವವನು ನಾನು. ಶಿಖರದ ಮೇಲೆ ನಿಂತರೂ ಎರಡು ಕಡೆ ಕಾಣುತ್ತದೆ. ಆದರೆ ಕಂಡದ್ದರ ಒಳಗೆ ಇಳಿದು, ಅಲ್ಲೇ ರಾತ್ರಿ ಮಲಗಿ ಏಳುವುದು ಬೇರೆಯೇ ಅನುಭವ.

ಮರ ನಿಲ್ಲುವ ಎತ್ತರದ ಬಗ್ಗೆ ಒಂದು ಮಾತು. ತಡಿಯಂಡಮೋಳ್ 1748 ಮೀಟರ್, ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರ. ತುದಿಯಲ್ಲಿ ಹುಲ್ಲು, ಸಂದುಗಳಲ್ಲಿ ಶೋಲಾ ಕಾಡು. ಆ ಹುಲ್ಲು ಚಳಿಯಿಂದ ಮರ ಬೆಳೆಯದೆ ಉಳಿದದ್ದಲ್ಲ, ಪಕ್ಕದ ಸಂದಿನಲ್ಲೇ ಮರ ಇದೆ. ಪಶ್ಚಿಮ ಹಿಮಾಲಯದಲ್ಲಿ ಸುಮಾರು 3500 ಮೀಟರ್ ಆಸುಪಾಸಿನಲ್ಲಿ ಮರ ನಿಂತೇ ಹೋಗುತ್ತದೆ. ಬೆಳೆಯಲು ಬೇಕಾದಷ್ಟು ಬೆಚ್ಚಗಿನ ದಿನಗಳೇ ಅಲ್ಲಿ ಸಿಗುವುದಿಲ್ಲ. ಆಮೇಲೆ ಗಾಳಿಗೆ ತಡೆ ಇಲ್ಲ, ಸಿಡಿಲಿಗೆ ಮರೆ ಇಲ್ಲ. ಪಾಸ್ ತಗ್ಗಾಗಿರುವುದರಿಂದ ಗಾಳಿ ಅಲ್ಲೇ ನುಗ್ಗುತ್ತದೆ. ಮಾಂದಲಪಟ್ಟಿಯಲ್ಲಿ ಗಾಳಿಗೆ ಬಾಗಿ ನಿಂತವರಿಗೆ ಅದರ ಒಂದು ಪಾಲು ಗೊತ್ತು. ಎತ್ತರ ಹೆಚ್ಚಿದ ಹಾಗೆ 1000 ಮೀಟರಿಗೆ ಸುಮಾರು 6.5 ಡಿಗ್ರಿ ತಂಪು ಏರುತ್ತದೆ. 2050 ಮೀಟರಿನ ಮನಾಲಿಯಲ್ಲಿ ಮಧ್ಯಾಹ್ನ 22 ಡಿಗ್ರಿ ಇದ್ದರೆ ಪಾಸ್ ಮೇಲೆ 8 ಡಿಗ್ರಿ. ಬಿಸಿಲಿದ್ದರೆ, ಗಾಳಿ ಇಲ್ಲದಿದ್ದರೆ ಅದು ಹಿತವೇ. ಬಟ್ಟೆ ಒದ್ದೆಯಾಗಿ ಗಾಳಿ ಬೀಸಿದರೆ ಅದೇ 8 ಡಿಗ್ರಿ ಜೀವಕ್ಕೆ ಕುತ್ತು.

ಇದನ್ನು ನಮ್ಮವರಿಗೆ ಒತ್ತಿ ಹೇಳಬೇಕು. ಮಳೆಯಲ್ಲಿ ನೆನೆದು ಬೆಳೆದವರು ನಾವು. ಗದ್ದೆ ನಾಟಿಯ ದಿನ ಬೆಳಗಿನಿಂದ ಸಂಜೆಯವರೆಗೆ ಒದ್ದೆಯಲ್ಲೇ ಇದ್ದು, ಬಂದು ಬಿಸಿನೀರು ಹೊಯ್ದುಕೊಂಡರೆ ಆಯಿತು. ಅಲ್ಲಿ ಹಾಗಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಚಾರಣಿಗರು ತೀರಿಕೊಂಡರು. ಜೂನ್ ತಿಂಗಳು, ನಡು ಬೇಸಿಗೆ. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆ ಎತ್ತರದಲ್ಲಿ ಬೇಸಿಗೆ ಅಂದರೆ ಹಿಮ ಬೀಳುವುದಿಲ್ಲ ಅಂತ ಅರ್ಥವಲ್ಲ. ಹತ್ತಿ ಬನಿಯನ್, ಜೀನ್ಸ್ ನೀರು ಹಿಡಿದಿಟ್ಟುಕೊಳ್ಳುತ್ತವೆ. ಅವು ಬೇಡವೇ ಬೇಡ. ಒಳಗೆ ಬೇಗ ಒಣಗುವ ಬಟ್ಟೆ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ಗಾಳಿ ನೀರು ತಡೆಯುವ ಜಾಕೆಟ್. ಒಂದು ಜೊತೆ ಒಣ ಬಟ್ಟೆ, ಒಣ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಕು. ಎಷ್ಟೇ ಆಸೆಯಾದರೂ ಅದನ್ನು ನಡೆಯುವಾಗ ಹಾಕಬಾರದು, ಟೆಂಟಿನೊಳಗೆ ಮಾತ್ರ.

ಗಾಳಿ ತೆಳ್ಳಗಾದಾಗ

ಅಕ್ಕನ ಮಗನಿಗೆ ನಾನು ಎಲ್ಲಕ್ಕಿಂತ ಜಾಸ್ತಿ ಹೇಳಿದ್ದು ಇದನ್ನೇ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಸುಮಾರು ಶೇ 21. ಎತ್ತರಕ್ಕೆ ಹೋದರೆ ಪಾಲು ಕಡಿಮೆಯಾಗುವುದಿಲ್ಲ, ಗಾಳಿಯ ಒತ್ತಡವೇ ಕಡಿಮೆಯಾಗುತ್ತದೆ. ಒಂದು ಉಸಿರಿನಲ್ಲಿ ಒಳಗೆ ಹೋಗುವ ಗಾಳಿಯೇ ಕಮ್ಮಿ. ಸಮುದ್ರದ ಮಟ್ಟದಲ್ಲಿ ಒತ್ತಡ 100 ಅಂದುಕೊಂಡರೆ ಮಡಿಕೇರಿಯಲ್ಲಿ ಸುಮಾರು 87, ತಡಿಯಂಡಮೋಳ್ ತುದಿಯಲ್ಲಿ 81ರಷ್ಟು. ಹಂಪ್ತಾ ಪಾಸ್ ಮೇಲೆ ಹೆಚ್ಚೂಕಡಿಮೆ 60. ಅವನಿಗೆ ತಡಿಯಂಡಮೋಳ್‌ನಲ್ಲಿ ಸುಸ್ತಾಗಲಿಲ್ಲ ಅನ್ನುವುದು ಅವನ ಕಾಲಿನ ಬಗ್ಗೆ ಹೇಳುತ್ತದೆ. ಈ 60ರ ಬಗ್ಗೆ ಏನೂ ಹೇಳುವುದಿಲ್ಲ.

ಒತ್ತಡ ಕಣ್ಣಿಗೆ ಕಾಣುವುದಿಲ್ಲ ಅಂದುಕೊಳ್ಳಬೇಡಿ. ನಾನು ಹಂಪ್ತಾಗೆ ಹೋದಾಗ ಮಡಿಕೇರಿಯ ಅಂಗಡಿಯಿಂದ ಬಾಳೆಕಾಯಿ ಚಿಪ್ಸ್ ಒಯ್ದಿದ್ದೆ. ಇಲ್ಲಿ ಒತ್ತಿದರೆ ಪಟಪಟ ಅನ್ನುವ ಸಡಿಲ ಪ್ಯಾಕೆಟ್. ಪಾಸ್ ದಾಟುವ ಮೊದಲಿನ ಬಿಡಾರ, ಸುಮಾರು 3600 ಮೀಟರ್ ಎತ್ತರದ ಬಾಲೂ ಕಾ ಘೇರಾದಲ್ಲಿ ಚೀಲದಿಂದ ತೆಗೆದರೆ ಡೋಲಿನ ಹಾಗೆ ಬಿಗಿದುಕೊಂಡಿತ್ತು. ಒಳಗಿನ ಗಾಳಿ ಮಡಿಕೇರಿಯದು, ಹೊರಗೆ ಒತ್ತುವ ಗಾಳಿ ಕಮ್ಮಿ. ಪಾಸ್ ಮೇಲೆ ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿ ಮಾಡಿ ಚೀಲಕ್ಕೆ ಹಾಕಿದೆ. ಮನಾಲಿಗೆ ಬಂದು ನೋಡಿದರೆ ಯಾರೋ ಕೈಯಲ್ಲಿ ಹಿಂಡಿದ ಹಾಗೆ ಸೊಟ್ಟಗಾಗಿತ್ತು. ಕಾಫಿಯೂ ಅಷ್ಟೇ. ಬಾಲೂ ಕಾ ಘೇರಾದ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಡಿಕಾಕ್ಷನ್ ನಮ್ಮ ಮನೆಯ ಹಾಗೆ ಇಳಿಯಲಿಲ್ಲ. ಅಕ್ಕಿ ಬೇಯಬೇಕಾದರೆ ಕುಕ್ಕರ್ ಬೇಕೇ ಬೇಕು.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಸಮಯ ಕೇಳುತ್ತದೆ. ಮೊದಲು ಉಸಿರಾಟ ಜೋರಾಗುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ದಿನ ಕಳೆದ ಹಾಗೆ ರಕ್ತದಲ್ಲಿ ಬದಲಾವಣೆ ಆಗುತ್ತದೆ. ಅದಕ್ಕೇ ವೈದ್ಯರು ಹೇಳುವ ಲೆಕ್ಕ: 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಿರಿ. ಲೆಕ್ಕಕ್ಕೆ ಬರುವುದು ಹಗಲು ಮುಟ್ಟಿದ ಎತ್ತರಕ್ಕಿಂತ ರಾತ್ರಿ ಮಲಗಿದ ಎತ್ತರ. ಪಾಸ್ ದಾಟುವುದರಲ್ಲಿ ಇದೊಂದು ಅನುಕೂಲ. ಹಗಲು ಎತ್ತರ ಮುಟ್ಟಿ ಸಂಜೆಗೆ ಇಳಿದಿರುತ್ತೀರಿ.

‘ನಾವು ಎತ್ತರದಲ್ಲೇ ಇರೋರು’ ಅನ್ನುವ ಧೈರ್ಯ ನಮ್ಮ ಜಿಲ್ಲೆಯಲ್ಲಿ ತುಂಬ ಕೇಳಿದ್ದೇನೆ. ಈ ತೊಂದರೆ ಸಾಮಾನ್ಯವಾಗಿ ಶುರುವಾಗುವುದೇ 2500 ಮೀಟರ್ ಮೇಲೆ. ಮಡಿಕೇರಿಯ 1150 ಮೀಟರ್ ಇಲ್ಲಿ ಯಾವ ಉಪಕಾರಕ್ಕೂ ಬರುವುದಿಲ್ಲ. ಗಟ್ಟಿ ಮೈಯವರಿಗೂ ಬರುತ್ತದೆ. ಗಟ್ಟಿಗರಿಗೆ ಒಂದು ಅಪಾಯ ಜಾಸ್ತಿ, ಅವರು ಬೇಗ ಬೇಗ ಹತ್ತುತ್ತಾರೆ.

ನನ್ನದೇ ಅನುಭವ ಹೇಳುತ್ತೇನೆ. ಬಾಲೂ ಕಾ ಘೇರಾದಲ್ಲಿ ಸಂಜೆ ತಲೆ ಹಿಂಬದಿಯಿಂದ ನೋವು ಶುರುವಾಯಿತು. ಎರಡು ದಿನದಿಂದ ಸರಿಯಾದ ಕಾಫಿ ಇಲ್ಲ, ಅದಕ್ಕೇ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವನಿಗೆ ಕಾಫಿ ತಪ್ಪಿದರೆ ತಲೆನೋವು ಬರುವುದು ನಿಜ ತಾನೆ? ಊಟ ಬೇಡ ಅನ್ನಿಸಿತು. ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟದ್ದನ್ನು ನಮ್ಮ ಗೈಡ್ ನೋಡಿದರು. ಪಕ್ಕದಲ್ಲಿ ಬಂದು ಕೂತು, “ಭಾಯಿ ಸಾಬ್, ಇಲ್ಲಿ ತಲೆ ನೋವು ಬಂದರೆ ಅದು ಎತ್ತರದ್ದೇ. ಬೇರೆ ಏನೋ ಅಂತ ಗೊತ್ತಾಗುವವರೆಗೂ ಎತ್ತರದ್ದೇ” ಅಂದರು. ಅವರು ಹಿಂದಿಯಲ್ಲಿ ಹೇಳಿದ ಆ ಮಾತೇ ಈ ವಿಷಯದ ಮೊದಲ ಪಾಠ. ಮಾರನೇ ದಿನ ನಾನು ಪಾಸ್‌ಗೆ ಹೊರಡಲಿಲ್ಲ. ಗುಂಪಿನಲ್ಲಿ ಇನ್ನೊಬ್ಬರಿಗೂ ಹಾಗೇ ಆಗಿತ್ತು. ಇಬ್ಬರೂ ಒಂದು ದಿನ ಅಲ್ಲೇ ಉಳಿದು, ನೋವು ಪೂರ್ತಿ ಹೋದ ಮೇಲೆ ಹಿಂದಿನಿಂದ ಬಂದ ತಂಡದ ಜೊತೆ ದಾಟಿದೆವು.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ಸುಸ್ತು, ತಲೆ ತಿರುಗು: ಇಷ್ಟಿದ್ದರೆ ಇನ್ನೂ ಮೇಲೆ ಹೋಗಬಾರದು. ಅಲ್ಲೇ ನಿಲ್ಲಬೇಕು. ಕಡಿಮೆಯಾಗದಿದ್ದರೆ ಇಳಿಯಬೇಕು. ಸುಮ್ನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಕೆಮ್ಮಿದರೆ ನೊರೆ ಬಂದರೆ ಶ್ವಾಸಕೋಶಕ್ಕೆ ನೀರು ಸೇರುತ್ತಿದೆ ಅಂತ. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ಮಿದುಳು ಊದಿಕೊಳ್ಳುತ್ತಿದೆ ಅಂತ. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನಡೆಯಲು ಹೇಳಿ. ವಾಲಿದರೆ ಬೆಳಗಾಗುವುದನ್ನು ಕಾಯಬೇಡಿ, ರಾತ್ರಿಯೇ ಇಳಿಸಿ. ಡೈಮಾಕ್ಸ್ ಮಾತ್ರೆ ಹೊಂದಿಕೊಳ್ಳಲು ನೆರವಾಗುತ್ತದೆ. ಆದರೆ ಸಲ್ಫಾ ಅಲರ್ಜಿ ಇರುವವರಿಗೆ ತೊಂದರೆಯಾಗಬಹುದು, ಹೊರಡುವ ಮೊದಲೇ ಡಾಕ್ಟರನ್ನು ಕೇಳಬೇಕು. ಇಳಿಯುವ ಬದಲು ಮಾತ್ರೆ ನುಂಗುವುದು ಮಾತ್ರ ಬೇಡ.

ಪಾಸ್‌ನ ಇನ್ನೊಂದು ಮುಖ ಇಲ್ಲಿದೆ. ಶಿಖರದ ಹಾದಿಯಲ್ಲಿ ಎಲ್ಲೇ ಇದ್ದರೂ ತಿರುಗಿ ನಡೆದರೆ ಇಳಿಯುತ್ತೀರಿ. ಪಾಸ್ ದಾಟಿದ ಮೇಲೆ ಹಿಂದೆ ಹೋಗಬೇಕಾದರೆ ಮತ್ತೆ ಹತ್ತಬೇಕು. ಮುಂದಿನ ಕಣಿವೆ ಎಷ್ಟು ತಗ್ಗಿನಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಂಪ್ತಾದ ಆಚೆ ಶಿಯಾ ಗೋರು ಬಿಡಾರ ಸುಮಾರು 3900 ಮೀಟರ್, ಅಂದರೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ ಎತ್ತರ. ರಸ್ತೆ ಸಿಗುವ ಛತ್ರು ಕೂಡ 3300 ಮೀಟರ್ ಆಸುಪಾಸು. ‘ಹೇಗೂ ಆಚೆ ಇಳಿತವೇ ಅಲ್ವಾ, ದಾಟಿಬಿಟ್ಟರೆ ಸರಿಹೋಗುತ್ತೆ’ ಅನ್ನುವ ಲೆಕ್ಕ ತಪ್ಪುವುದು ಇಲ್ಲೇ. ಮೈ ಸರಿಯಿಲ್ಲದವರು ಪಾಸ್‌ನ ಈಚೆಯೇ ತಿರುಗಬೇಕು. ಹವೆಯೂ ಅಷ್ಟೇ. ಅನುಮಾನಗಳನ್ನೆಲ್ಲ ಈಚೆ ಬದಿಯಲ್ಲೇ ಮುಗಿಸಿ ಹೊರಡಬೇಕು.

ದಾಟುವ ದಿನ

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟರು. ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಿ. ದಿನದ ನಡಿಗೆ 8 ಕಿಲೋಮೀಟರ್, ಏರು 700 ಮೀಟರ್ ಅಂದರೆ ಮೂರು ಗಂಟೆಯೂ ಆಗಬಾರದು. ನಮಗೆ ಹಂಪ್ತಾ ದಾಟಲು ಒಂಬತ್ತು ಗಂಟೆ ಹಿಡಿಯಿತು. ಲೆಕ್ಕ ತಪ್ಪಲ್ಲ. ಅದು ತಗ್ಗಿನ ಬೆಟ್ಟದಲ್ಲಿ, ಗಟ್ಟಿ ನೆಲದ ಮೇಲೆ, ನಿಲ್ಲದೆ ನಡೆಯುವವರ ಲೆಕ್ಕ. ತೆಳ್ಳನೆ ಗಾಳಿ, ಜಾರುವ ಕಲ್ಲು, ಹಿಮ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು, ಇದೆಲ್ಲ ಸೇರಿದರೆ ಸಮಯ ಎರಡು ಮೂರು ಪಟ್ಟಾಗುತ್ತದೆ. ಊರಿನ ಲೆಕ್ಕ ಹಿಡಿದು ತಡವಾಗಿ ಹೊರಟವರು ಆಚೆ ಇಳಿಜಾರಿನಲ್ಲಿ ಕತ್ತಲೆಗೆ ಸಿಗುತ್ತಾರೆ.

ಬೆಳಕು ಹರಿಯುವ ಮೊದಲೇ ಹೊರಡುವುದಕ್ಕೆ ಕಾರಣ ಮೂರಿದೆ. ಬೆಳಿಗ್ಗೆ ಹಿಮ ಗಟ್ಟಿ, ಕಾಲು ಊರಿದರೆ ನಿಲ್ಲುತ್ತದೆ. ಹನ್ನೊಂದರ ಬಿಸಿಲಿಗೆ ಮೆತ್ತಗಾಗಿ ಮೊಣಕಾಲಿನವರೆಗೆ ಹೂತುಹೋಗುತ್ತದೆ, ಮೇಲಿನಿಂದ ಕಲ್ಲು ಉದುರುವುದೂ ಆಗಲೇ. ಎರಡನೆಯದು ಮೋಡ. ಮಧ್ಯಾಹ್ನದ ಹೊತ್ತಿಗೆ ಕಣಿವೆಗಳಿಂದ ಎದ್ದು ಪಾಸ್ ಮುಚ್ಚಿಬಿಡುತ್ತದೆ.

ಮೂರನೆಯದು ಹೊಳೆ, ಇದು ನಮಗೆ ತಲೆಕೆಳಗು. ನಮ್ಮೂರ ತೋಡು ಮಳೆ ಬಂದರೆ ಏರುತ್ತದೆ, ಹೊಳವಾದರೆ ಇಳಿಯುತ್ತದೆ. ಹಿಮ ಕರಗಿ ಹರಿಯುವ ಹೊಳೆ ಬಿಸಿಲು ಬಿದ್ದಷ್ಟೂ ಏರುತ್ತದೆ. ನೀಲಿ ಆಕಾಶದ ಚೆಂದದ ಮಧ್ಯಾಹ್ನವೇ ಅದು ಎಲ್ಲಕ್ಕಿಂತ ಜೋರಾಗಿ ಹರಿಯುವ ಹೊತ್ತು. ಬೆಳಿಗ್ಗೆ ಆರಕ್ಕೆ ಮೊಣಕಾಲು ಮಟ್ಟ ಇದ್ದ ನೀರು ಸಂಜೆ ನಾಲ್ಕಕ್ಕೆ ಸೊಂಟ ಮುಟ್ಟಬಹುದು. ದಾಟುವಾಗ ಚೀಲದ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಚೀಲ ಕಳಚಿ ಬರಬೇಕು. ಬರಿಗಾಲು ಬೇಡ. ಮೂರು ನಾಲ್ಕು ಜನ ಕೈಗೆ ಕೈ ಸಿಕ್ಕಿಸಿಕೊಂಡು, ಒಬ್ಬರು ಹೆಜ್ಜೆ ಇಟ್ಟ ಮೇಲೆ ಇನ್ನೊಬ್ಬರು. ನೀರಿನ ತಂಪಿಗೆ ಕಾಲು ಮರಗಟ್ಟುತ್ತದೆ, ಹಾಗಾಗಿ ನಡುವೆ ನಿಂತು ಯೋಚನೆ ಮಾಡಬಾರದು.

ಹಿಮದ ಮೇಲೆ ಬಿಸಿಲು ಬಿದ್ದು ಹೆಚ್ಚಿನ ಪಾಲು ವಾಪಸ್ ಚಿಮ್ಮುತ್ತದೆ. ಕಪ್ಪು ಕನ್ನಡಕ ಇಲ್ಲದಿದ್ದರೆ ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಗದ್ದದ ಕೆಳಗೂ ಸನ್‌ಸ್ಕ್ರೀನ್ ಹಚ್ಚಬೇಕು.

ಇಳಿಯುವುದೇ ನಿಜವಾದ ಕಷ್ಟ. ಹತ್ತುವಾಗ ಉಸಿರು ತಡೆಯುತ್ತದೆ, ನಾವಾಗಿಯೇ ನಿಧಾನ ಆಗುತ್ತೇವೆ. ಇಳಿಯುವಾಗ ಯಾವ ತಡೆಯೂ ಇಲ್ಲ, ಗೆದ್ದೆವು ಅನ್ನುವ ಮನಸ್ಸು, ದಣಿದ ತೊಡೆ, ಜಾರುವ ಸಡಿಲ ಕಲ್ಲು. ಪಾಸ್ ಮೇಲೆ ಕಲ್ಲು ಪೇರಿಸಿದ ಗುಡ್ಡೆ, ಬಣ್ಣದ ಬಾವುಟಗಳ ಹತ್ತಿರ ಫೋಟೊ ತೆಗೆದುಕೊಂಡಾಗ ಅರ್ಧ ಮಾತ್ರ ಮುಗಿದಿದೆ.

ಕೊಡಗಿನಲ್ಲೇ ತಯಾರಿ

ತೆಳ್ಳನೆ ಗಾಳಿಯನ್ನು ಇಲ್ಲಿ ಅಭ್ಯಾಸ ಮಾಡಲು ಆಗುವುದಿಲ್ಲ. ಉಳಿದದ್ದನ್ನೆಲ್ಲ ಮಾಡಬಹುದು. ತಡಿಯಂಡಮೋಳ್‌ಗಿಂತ ನಾನು ಹೇಳುವುದು ಕುಮಾರ ಪರ್ವತ, ನಮ್ಮ ಕಡೆಯವರ ಪುಷ್ಪಗಿರಿ, 1712 ಮೀಟರ್. ಕುಕ್ಕೆ ಕಡೆಯಿಂದ ಹತ್ತಿದರೆ ಸುಮಾರು 1600 ಮೀಟರ್ ಏರು. ಹಂಪ್ತಾ ದಾಟುವ ದಿನದ ಏರಿಗಿಂತ ಎರಡು ಪಟ್ಟು. ಸೋಮವಾರಪೇಟೆ ಕಡೆಯಿಂದಲೂ ದಾರಿ ಇದೆ, ಅದು ಚಿಕ್ಕದು. ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಬಿಡುವುದಿಲ್ಲ, ಹಾಗಾಗಿ ಚಳಿಗಾಲದಲ್ಲೇ ಮುಗಿಸಿಕೊಳ್ಳಿ. ಕಾಫಿ ಕೊಯ್ಲಿನ ಹೊತ್ತಿಗೇ ಅದು ಬರುತ್ತದೆ ಅನ್ನುವುದು ತೋಟದ ಮನೆಯವರಿಗೆ ಒಂದು ಕಷ್ಟ. ಅವರಿಗೆ ತೋಟದ ಏರುತಗ್ಗೇ ಸಾಕು. ಬೆನ್ನಿಗೆ 8 ಕಿಲೋ ಹೊತ್ತು ದಿನಾ ಒಂದು ಗಂಟೆ ಹತ್ತಿ ಇಳಿಯಲಿ. ಇಳಿಯುವಾಗ ಓಡಬಾರದು, ಮೊಣಕಾಲು ಸ್ವಲ್ಪ ಬಾಗಿಸಿ ಹೆಜ್ಜೆ ಎಣಿಸಿದ ಹಾಗೆ ಇಳಿಯಬೇಕು. ಬೂಟು ಹೊಸದಾದರೆ ಮಳೆಗಾಲದ ಕೆಸರಿನಲ್ಲಿ ತಿಂಗಳು ಮೊದಲೇ ಹಾಕಿ ಪಳಗಿಸಿಕೊಳ್ಳಲಿ. ಜಿಗಣೆ ಹತ್ತಿದರೂ ಪರವಾಗಿಲ್ಲ.

ಆಲ್ಪ್ಸ್ ನೋಡುವ ಯೋಗ ಬಂದವರಿಗೆ ಲೆಕ್ಕ ಸ್ವಲ್ಪ ಹಗುರ. ಮೋಂಬ್ಲಾಂ ಸುತ್ತುವ ಹೆಸರಾದ ಹಾದಿ ಸುಮಾರು 170 ಕಿಲೋಮೀಟರ್, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರು ದೇಶ. ಕೋಲ್ ದ ಲಾ ಸೇನ್ಯ್ ಪಾಸ್ 2516 ಮೀಟರ್, ಗ್ರ್ಯಾಂಡ್ ಕೋಲ್ ಫೆರೆ 2537 ಮೀಟರ್. ಎತ್ತರದ ಕಾಯಿಲೆ ಅಲ್ಲಿ ಅಷ್ಟು ಕಾಡುವುದಿಲ್ಲ, ರಾತ್ರಿಗೆ ಊಟ ಹಾಸಿಗೆ ಕೊಡುವ ಮನೆಗಳಿವೆ. ಸಿಡಿಲು, ತಡವಾಗಿ ಕರಗುವ ಹಿಮ, ಇಳಿಜಾರು ಮಾತ್ರ ಅವೇ.

ಅಕ್ಕನ ಮಗ ಇಷ್ಟೆಲ್ಲ ಕೇಳಿ ತನ್ನ ಟಿಕೆಟ್ ತೆಗೆದು ನೋಡಿದ. ದೆಹಲಿಯಿಂದ ರಾತ್ರಿ ಬಸ್ಸು, ಬೆಳಿಗ್ಗೆ ಮನಾಲಿ, ಅವತ್ತೇ ಚಾರಣ ಶುರು, ಸಂಜೆ ಚೀಕಾದಲ್ಲಿ ಟೆಂಟು. ದೆಹಲಿಯ 200 ಚಿಲ್ಲರೆ ಮೀಟರಿನಿಂದ 3100 ಮೀಟರಿಗೆ ಒಂದೂವರೆ ದಿನವೂ ಇಲ್ಲ.

“ಮಾವ, ಇದರಲ್ಲಿ ಕಾಲಿನದ್ದೇನೂ ತೊಂದರೆ ಇಲ್ಲ ಅಲ್ವಾ?”

“ಕಾಲಿನದ್ದು ಇಲ್ಲ.”

ಅವನು ಅಲ್ಲೇ ಕೂತು ಬೆಂಗಳೂರಿನಿಂದ ಹೊರಡುವ ದಿನವನ್ನು ಎರಡು ದಿನ ಮುಂಚೆಗೆ ಹಾಕಿಸಿಕೊಂಡ. ಮನಾಲಿಯಲ್ಲಿ ಎರಡು ರಾತ್ರಿ ಉಳಿಯಲು ರೂಮು ನೋಡಿದ. ಆಮೇಲೆ ಅಡುಗೆಮನೆಗೆ ಹೋಗಿ ಕಾಲು ಕಿಲೋ ಕಾಫಿಪುಡಿ ಕೇಳಿ ಕಟ್ಟಿಸಿಕೊಂಡ. ಡಿಕಾಕ್ಷನ್ ಹೇಗೆ ಇಳಿಯುತ್ತದೆ ಅಂತ ತಾನೇ ನೋಡಬೇಕಂತೆ.